ಭೀಮಾ ದಾಟಲು ಇಂಗ್ಲಿಷ್ ಚೀಟಿ ಯಾಕೆ?

ಕನ್ನಡದ ತರುಣ ಗೆಳೆಯರೇ,

ಬೆಂಗಳೂರಿನಲ್ಲಿ ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿದವರು ನೀವು. ಬ್ಯಾಂಕಿನ ಚಲನ್ ಕನ್ನಡದಲ್ಲಿ ಕೊಡಿ ಎಂದು ಮ್ಯಾನೇಜರನ ಟೇಬಲ್ಲಿನ ಮುಂದೆ ನಿಂತವರು ನೀವು. ನಿಮ್ಮ ಆ ಸಿಟ್ಟಿಗೆ ನನ್ನ ಶರಣು. ಆದರೆ ಮಸಿ ಬಳಿಯಲು ಬಾರದ ಇಂಗ್ಲಿಷೂ ಒಂದಿದೆ. ಅದು ಗೋಡೆಯ ಮೇಲಿಲ್ಲ, ಅಂಗಡಿಯ ಹಣೆಯ ಮೇಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕ್ರೂಸರ್ ಗಾಡಿಗಳಲ್ಲಿ, ಡ್ರೈವರನ ತಲೆಯ ಮೇಲಿನ ಸಂದಿಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಮಡಿಚಿಟ್ಟ ಒಂದು ಹಾಳೆಯಲ್ಲಿದೆ. ಸರ್ಕಾರಿ ಕನ್ನಡದಲ್ಲಿ ಅದರ ಹೆಸರು ತಾತ್ಕಾಲಿಕ ರಹದಾರಿ. ಆ ಹೆಸರು ಆ ಹಾಳೆಯ ಮೇಲೆ ಮಾತ್ರ ಇರುವುದಿಲ್ಲ!

ನಮ್ಮ ಕಡೆಯವರು ಅದನ್ನು ಟೆಂಪರರಿ ಪರ್ಮಿಟ್ ಅನ್ನುತ್ತಾರೆ. ಅವಸರವಿದ್ದರೆ ಬರೀ ಟಿ.ಪಿ. ಈ ಟಿ.ಪಿ.ಗೆ ಸರ್ಕಾರ ಕೇಳುವ ಫೀ ಒಂದು, ಅದಕ್ಕಾಗಿ ಬಡವನ ಜೇಬಿನಿಂದ ಹೋಗುವ ರೊಕ್ಕ ಇನ್ನೊಂದು. ಈ ಎರಡರ ನಡುವಿನ ಅಂತರದಲ್ಲಿ ಕೂತು ಉಣ್ಣುತ್ತಿರುವುದು ಇಂಗ್ಲಿಷು. ಇಷ್ಟೇ ನನ್ನ ಮಾತು. ಹೇಗೆ ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಬಸವಣ್ಣ ಯಾವ ಪರ್ಮಿಟ್ ತೆಗೆದಿದ್ದ?

ಬಸವಣ್ಣ ಹುಟ್ಟಿದ್ದು ಬಾಗೇವಾಡಿಯಲ್ಲಿ. ಓದಿದ್ದು ಕೂಡಲಸಂಗಮದಲ್ಲಿ. ಬಿಜ್ಜಳನ ಭಂಡಾರದಲ್ಲಿ ಲೆಕ್ಕ ಬರೆಯಲು ಹೋದದ್ದು ಮಂಗಳವೇಢೆಗೆ. ಇಂದು ಬಾಗೇವಾಡಿ ಕರ್ನಾಟಕದಲ್ಲಿದೆ, ಮಂಗಳವೇಢೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಬಾಗೇವಾಡಿಯ ಹತ್ತು ಮಂದಿ ಭಕ್ತರು ಒಂದು ಬಾಡಿಗೆ ಗಾಡಿ ಮಾಡಿಕೊಂಡು ಬಸವಣ್ಣ ನಡೆದ ಹಾದಿ ನೋಡಿಬರೋಣ ಎಂದು ಹೊರಟರೆ, ಮೊದಲು ಇಂಗ್ಲಿಷಿನಲ್ಲಿ ಒಂದು ಚೀಟಿ ಮಾಡಿಸಬೇಕು.

ಗಡಿ ಎಂಬುದು ನಮ್ಮ ಜನಕ್ಕೆ ಹೊಸದು. 1956ರ ನವೆಂಬರ್ 1ರ ತನಕ ವಿಜಾಪುರ ಜಿಲ್ಲೆಯೂ ಸೊಲ್ಲಾಪುರ ಜಿಲ್ಲೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಆ ದಿನ ಕರ್ನಾಟಕ ಒಂದಾಯಿತು. ಅದು ನಮ್ಮ ಹಿರಿಯರ ಕನಸು, ಅದಕ್ಕೆ ಎರಡು ಮಾತಿಲ್ಲ. ಆದರೆ ಗಡಿ ಬಂದ ಮಾತ್ರಕ್ಕೆ ಬೀಗತನ ನಿಲ್ಲಲಿಲ್ಲ, ಹರಕೆ ನಿಲ್ಲಲಿಲ್ಲ, ದವಾಖಾನೆಯ ದಾರಿ ಬದಲಾಗಲಿಲ್ಲ. ಇಂಡಿಯ ಕಡೆಯ ವಾರಕರಿಗಳು ಆಷಾಢ ಏಕಾದಶಿಗೆ, ಕಾರ್ತಿಕ ಏಕಾದಶಿಗೆ ಪಂಢರಪುರಕ್ಕೆ ಹೋಗುತ್ತಾರೆ. ಸಿಂದಗಿಯವರು ತುಳಜಾಪುರದ ಅಂಬಾಭವಾನಿಗೆ, ಅಕ್ಕಲಕೋಟೆಗೆ ನಡೆದುಕೊಳ್ಳುತ್ತಾರೆ. ಮುದ್ದೇಬಿಹಾಳದವರು ಯುಗಾದಿಗೆ ಶ್ರೀಶೈಲಕ್ಕೆ ಹೊರಡುತ್ತಾರೆ. ಅದು ಆಂಧ್ರ, ಅಂದರೆ ಇನ್ನೊಂದು ರಾಜ್ಯ, ಇನ್ನೊಂದು ತೆರಿಗೆ. ಭೀಮೆಯ ದಂಡೆಯ ಧೂಳಖೇಡದವರಿಗೆ ತಮ್ಮದೇ ಜಿಲ್ಲಾ ಕೇಂದ್ರ ವಿಜಯಪುರಕ್ಕಿಂತ ಸೊಲ್ಲಾಪುರ ಹತ್ತಿರ. ಹೆರಿಗೆ ಕಷ್ಟವಾದರೆ, ಎದೆ ಹಿಡಿದುಕೊಂಡರೆ ಗಾಡಿ ತಾನಾಗಿಯೇ ಉತ್ತರಕ್ಕೆ ತಿರುಗುತ್ತದೆ.

ಇವರು ಬಸ್ಸಿಗೆ ಹೋಗಬಾರದೆ ಎಂದು ಕೇಳುವಿರಿ. ಹೋಗುತ್ತಾರೆ. ಆದರೆ ಮುದುಕರು, ಕೂಸುಗಳು, ಬುತ್ತಿಗಂಟು, ಸ್ಟೋವು, ಹಾಸಿಗೆ ಕಟ್ಟಿಕೊಂಡು ಒಂದು ಓಣಿಯ ಹನ್ನೆರಡು ಜನ ಹೊರಟಾಗ ಕ್ರೂಸರೇ ಗತಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಟಿಕೆಟ್ಟೂ ರಾಜ್ಯದೊಳಗಿನ ಮಾತು. ಪಂಢರಪುರದ ತನಕ ಅದು ಬರುವುದಿಲ್ಲ.

ಕಾಯ್ದೆ ಏನು ಹೇಳುತ್ತದೆ?

ನಾನು ವಕೀಲನಲ್ಲ. ಪಿಯುಸಿ ಓದಿ ಪ್ರೆಸ್ಸು ಇಟ್ಟುಕೊಂಡವನು. ಆರ್‌ಟಿಓ ಕಚೇರಿಯಲ್ಲಿ ಪಿಯುಸಿ ಅಂದರೆ ಹೊಗೆಯ ಸರ್ಟಿಫಿಕೇಟು, ಅಲ್ಲಿ ನನ್ನ ಓದಿಗೆ ಅಷ್ಟೇ ಕಿಮ್ಮತ್ತು! ಆದರೆ ಅಚ್ಚಾದದ್ದನ್ನು ಓದುವುದು ನನ್ನ ಕಸುಬು, ಹಾಗಾಗಿ ಈ ಕಾಯ್ದೆಯನ್ನೂ ಓದಿದೆ.

ಮೋಟಾರು ವಾಹನ ಕಾಯ್ದೆ 1988ರದು, ಜಾರಿಗೆ ಬಂದದ್ದು 1989ರ ಜುಲೈ 1ರಂದು. ಅದರ 87ನೇ ಕಲಮು ತಾತ್ಕಾಲಿಕ ರಹದಾರಿಯದು. ಯಾವುದಕ್ಕೆ ಕೊಡಬಹುದು? ಜಾತ್ರೆಗೆ, ಧಾರ್ಮಿಕ ಕೂಟಕ್ಕೆ ಜನರನ್ನು ಕರೆದೊಯ್ದು ತರಲು. ಸುಗ್ಗಿಯಂಥ ಹಂಗಾಮಿನ ವ್ಯಾಪಾರಕ್ಕೆ. ಒದಗಿಬಂದ ತಾತ್ಕಾಲಿಕ ಅಗತ್ಯಕ್ಕೆ. ಹಳೆಯ ರಹದಾರಿಯ ನವೀಕರಣ ಬಾಕಿ ಇದ್ದಾಗ. ಯಾವುದಕ್ಕೇ ಆದರೂ ನಾಲ್ಕು ತಿಂಗಳು ಮೀರುವಂತಿಲ್ಲ. ಇದರ ಪಕ್ಕದಲ್ಲೇ 88ನೇ ಕಲಮಿನ 8ನೇ ಉಪಕಲಮು ಇದೆ. ಅದು ಸ್ಪೆಷಲ್ ಪರ್ಮಿಟ್. ಇಡೀ ಗಾಡಿಯನ್ನು ಒಂದೇ ಕರಾರಿನ ಮೇಲೆ ಹಿಡಿದು, ದಾರಿಯಲ್ಲಿ ಬೇರೆಯವರನ್ನು ಹತ್ತಿಸದೆ ಇಳಿಸದೆ ಹೋಗಿಬರುವುದಾದರೆ ಅದನ್ನು ಕೊಡುತ್ತಾರೆ. ಅದಕ್ಕೆ ಇನ್ನೊಂದು ರಾಜ್ಯದ ಮೇಲುಸಹಿ ಬೇಕಿಲ್ಲ.

ನೋಡಿ, ಕಾಯ್ದೆ ಬರೆದವರಿಗೆ ಜಾತ್ರೆಯ ನೆನಪಿತ್ತು. ಬಡವನೊಬ್ಬ ವರ್ಷಕ್ಕೆ ಎರಡು ಸಲ ದೇವರಿಗೆ ಹೋಗುತ್ತಾನೆ, ಅವನಿಗೆ ಖಾಯಂ ಪರ್ಮಿಟ್ಟಿನ ರಗಳೆ ಬೇಡ ಎಂಬ ಕರುಣೆ ಇತ್ತು. ಆ ಕರುಣೆ ದಿಲ್ಲಿಯಿಂದ ಇಂಡಿಗೆ ಬರುವಷ್ಟರಲ್ಲಿ ಎಲ್ಲಿ ಕಳೆದುಹೋಯಿತು? ಅದು ಕಳೆದುಹೋದದ್ದು ಅರ್ಜಿಯ ಫಾರ್ಮಿನಲ್ಲಿ.

ದೊಡ್ಡವರಿಗೆ ಈ ತಾಪತ್ರಯವಿಲ್ಲ. 2023ರ ಮೇ 1ರಿಂದ ಜಾರಿಯಲ್ಲಿರುವ ಅಖಿಲ ಭಾರತ ಪ್ರವಾಸಿ ವಾಹನ ನಿಯಮಗಳ ಪ್ರಕಾರ ದೊಡ್ಡ ಬಸ್ಸಿನ ಮಾಲೀಕ ಎಸಿ ಬಸ್ಸಿಗೆ ವರ್ಷಕ್ಕೆ 3 ಲಕ್ಷ, ಎಸಿ ಇಲ್ಲದ ಬಸ್ಸಿಗೆ 2 ಲಕ್ಷ ಕಟ್ಟಿದರೆ ದೇಶವೆಲ್ಲ ಓಡಾಡಬಹುದು. ದಿನವೂ ಗಡಿ ದಾಟುವವನಿಗೆ ಇದು ಲಾಭ. ಲಾರಿಗಳಿಗಂತೂ 2010ರಲ್ಲೇ ಹೊಸ ನ್ಯಾಷನಲ್ ಪರ್ಮಿಟ್ ಬಂತು. ವರ್ಷಕ್ಕೆ 16,500 ರೂಪಾಯಿ ಕಟ್ಟಿದರೆ ರಾಜ್ಯ ರಾಜ್ಯಕ್ಕೂ ಬೇರೆ ಚೀಟಿ ಬೇಕಿಲ್ಲ. ಅಂದರೆ ನಮ್ಮ ಉಳ್ಳಾಗಡ್ಡಿಗೆ ಇಡೀ ದೇಶ ಒಂದೇ. ಉಳ್ಳಾಗಡ್ಡಿ ಬೆಳೆದವನು ವಿಠ್ಠಲನ ಪಾದ ನೋಡಲು ಹೊರಟರೆ ಮಾತ್ರ ಪ್ರತಿ ಸಲವೂ ಹೊಸ ಚೀಟಿ! ವರ್ಷಕ್ಕೆ ಆರೇಳು ಸಲ ಮಾತ್ರ ಹೊರರಾಜ್ಯದ ಬಾಡಿಗೆ ಸಿಗುವ ಒಂದೇ ಗಾಡಿಯ ಮಾಲೀಕ ವರ್ಷದ ದೊಡ್ಡ ಮೊತ್ತ ಎಲ್ಲಿಂದ ತರಬೇಕು? ಅವನಿಗೆ ಟಿ.ಪಿ.ಯೇ ದಿಕ್ಕು.

ಫೀ ಎಷ್ಟು, ಬೆಲೆ ಎಷ್ಟು?

ಗಾಡಿಯವನನ್ನು ಕೇಳಿ, ಟಿ.ಪಿ.ಗೆ ಎಷ್ಟು ಕೊಟ್ಟೆ? ಅವನು ಒಂದೇ ಮೊತ್ತ ಹೇಳುತ್ತಾನೆ. ಆ ಒಂದು ಮೊತ್ತದೊಳಗೆ ಎಷ್ಟು ತುಂಡುಗಳಿವೆ ಅವನಿಗೆ ಗೊತ್ತಿಲ್ಲ. ನಾನು ಎಣಿಸುತ್ತೇನೆ.

ಒಂದು, ನಮ್ಮ ರಾಜ್ಯದ ಪರ್ಮಿಟ್ ಫೀ. ಎರಡು, ಹೋಗುವ ರಾಜ್ಯದ ತೆರಿಗೆ. ಇದು ಬೇರೆ, ಅದು ಬೇರೆ. ಕರ್ನಾಟಕದ ಚೀಟಿ ಇದ್ದ ಮಾತ್ರಕ್ಕೆ ಆ ಕಡೆಯ ತೆರಿಗೆ ಮುಗಿಯುವುದಿಲ್ಲ. ಇದನ್ನು ಯಾರೂ ಹೇಳದ್ದರಿಂದ ಎಷ್ಟೋ ಮಂದಿ ಗಡಿಯಲ್ಲಿ ಜಗಳ ಕಾಯುತ್ತಾರೆ. ಮೂರು, ಅರ್ಜಿ ತುಂಬಿಕೊಟ್ಟವನ ಕೂಲಿ. ನಾಲ್ಕು, ಪಾವತಿ ಸಿಗದ ರೊಕ್ಕ. ಅದಕ್ಕೆ ಹೆಸರಿಡುವ ಕೆಲಸ ನನ್ನದಲ್ಲ, ನಿಮಗೆ ತಿಳಿಯುತ್ತದೆ. ಐದು, ಕಳೆದುಹೋದ ದಿನ.

ಈ ಐದನೆಯದನ್ನು ಯಾವ ಸರ್ಕಾರವೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈಗ ಎಲ್ಲ ಆನ್‌ಲೈನ್ ಆಗಿದೆ, ಕಚೇರಿಗೆ ಬರುವುದೇ ಬೇಡ ಎನ್ನುತ್ತಾರೆ. ಒಪ್ಪಿದೆ, ಕಿಟಕಿಯ ಮುಂದಿನ ಸಾಲು ಮೊದಲಿಗಿಂತ ಸಣ್ಣದಾಗಿದೆ. ಆದರೆ ಕಂಪ್ಯೂಟರಿನಲ್ಲಿ ಹಳೆಯ ತೆರಿಗೆ ಏರಿಲ್ಲ, ಮೊಬೈಲ್ ನಂಬರ್ ಕೂಡಿಸಿಲ್ಲ, ಫಿಟ್‌ನೆಸ್ ತಾರೀಖು ತಾಳೆಯಾಗುತ್ತಿಲ್ಲ ಎಂದರೆ ಹಾಕು ಹೆಜ್ಜೆ ವಿಜಯಪುರಕ್ಕೆ. ಮುದ್ದೇಬಿಹಾಳದಿಂದ ಸುಮಾರು 80 ಕಿಲೋಮೀಟರು. ಇಂಡಿ, ಸಿಂದಗಿಯಿಂದ ಐವತ್ತು ಅರವತ್ತು. ಬಾಗೇವಾಡಿಯಿಂದ ನಲವತ್ತು ದಾಟುತ್ತದೆ. ಗಾಡಿ ನಿಂತ ದಿನ ಬಾಡಿಗೆ ಇಲ್ಲ, ಡಿಸೇಲು ಮಾತ್ರ ಉಂಟು, ಫೈನಾನ್ಸಿನ ಕಂತು ನಿಲ್ಲುವುದಿಲ್ಲ. ಸರ್ಕಾರದ ಫೀ ಪಾವತಿಯ ಮೇಲೆ ಅಚ್ಚಾಗಿರುತ್ತದೆ. ಟಿ.ಪಿ.ಯ ನಿಜವಾದ ಬೆಲೆ ಯಾವ ಪಾವತಿಯ ಮೇಲೂ ಅಚ್ಚಾಗುವುದಿಲ್ಲ.

ಏಕಾದಶಿಗೆ ಮುಗಿದ ಪರ್ಮಿಟ್

ಈಗ ಭಾಷೆಯ ಮಾತಿಗೆ ಬರುತ್ತೇನೆ. ನಮ್ಮ ಪ್ರೆಸ್ಸಿಗೆ ಗಾಡಿಯವರು ಟ್ರಿಪ್ ಶೀಟು, ಬಿಲ್ ಬುಕ್ಕು ಮಾಡಿಸಲು ಬರುತ್ತಾರೆ. ಲ್ಯಾಮಿನೇಶನ್ನಿಗೂ ಬರುತ್ತಾರೆ. ಒಂದು ಆಷಾಢದಲ್ಲಿ ಒಬ್ಬ ಹುಡುಗ ಪರ್ಮಿಟ್ಟಿನ ಹಾಳೆ ಹಿಡಿದು ಬಂದ.

"ಅಣ್ಣಾರ, ಇದರಾಗ ಏನ್ ಬರದಾರ ಸ್ವಲ್ಪ ಓದಿ ಹೇಳ್ರಿ. ಪಂಢರಪುರಕ್ಕ ಗಾಡಿ ಬಿಡಬೇಕು."

"ಯಾಕೋ ತಮ್ಮಾ, ಮಾಡಿಸಿಕೊಟ್ಟಾಂವ ಹೇಳಲಿಲ್ಲೇನು?"

"ಅಂವ ರೊಕ್ಕ ಎಣಿಸಿಕೊಂಡು, ಎಲ್ಲಾ ಬರೋಬರಿ ಐತಿ ಹೋಗು ಅಂದಾನ್ರಿ."

ಓದಿದೆ. ಬರೋಬರಿ ಇರಲಿಲ್ಲ. ಪರ್ಮಿಟ್ ಏಕಾದಶಿಯ ದಿನಕ್ಕೇ ಮುಗಿಯುತ್ತಿತ್ತು. ವಾರಕರಿಗಳು ಏಕಾದಶಿಯ ದಿನ ಉಪವಾಸವಿದ್ದು, ದ್ವಾದಶಿಯ ಬೆಳಿಗ್ಗೆ ಪಾರಣೆ ಮಾಡಿ ಊರಿಗೆ ಹೊರಡುವವರು. ಅಂದರೆ ತಿರುಗಿ ಬರುವ ದಾರಿಯುದ್ದಕ್ಕೂ ಗಾಡಿಗೆ ಪರ್ಮಿಟ್ಟೇ ಇಲ್ಲ! ಅರ್ಜಿ ತುಂಬಿದವನಿಗೆ ಅದರ ಗರಜು ಇರಲಿಲ್ಲ. ಗಾಡಿ ಓಡಿಸುವವನಿಗೆ ಓದಲು ಬರಲಿಲ್ಲ. ತಾರೀಖು ಅಂಕಿಯಲ್ಲೇ ಇದ್ದವಲ್ಲ, ಅವನಿಗೆ ಅಷ್ಟೂ ತಿಳಿಯದೆ ಎಂದು ನಗಬೇಡಿ. ಆ ಹಾಳೆಯಲ್ಲಿ ಒಂದಲ್ಲ, ನಾಲ್ಕು ತಾರೀಖುಗಳಿದ್ದವು. ಯಾವುದು ಅರ್ಜಿಯದು, ಯಾವುದು ರೊಕ್ಕ ಕಟ್ಟಿದ್ದು, ಯಾವುದು ಶುರುವಾಗುವುದು, ಯಾವುದು ಮುಗಿಯುವುದು ಎಂದು ತಿಳಿಯಲು ಪಕ್ಕದ ಇಂಗ್ಲಿಷ್ ಓದಲೇಬೇಕು. 'ಈ ದಿನಾಂಕದ ವರೆಗೆ' ಎಂಬ ಮೂರು ಕನ್ನಡ ಪದ ಇದ್ದಿದ್ದರೆ ಆ ಹುಡುಗನಿಗೆ ನನ್ನ ಹತ್ತಿರ ಬರುವ ಕೆಲಸವೇ ಇರಲಿಲ್ಲ. ಅವನು ಕನ್ನಡ ಶಾಲೆಯಲ್ಲಿ ಹತ್ತನೆಯ ತನಕ ಕಲಿತವನು. ಅನಕ್ಷರಸ್ಥನಲ್ಲ. ಸರ್ಕಾರದ ಹಾಳೆ ಅವನನ್ನು ಅನಕ್ಷರಸ್ಥನನ್ನಾಗಿ ಮಾಡಿತು.

ಏಜೆಂಟನ ಬಂಡವಾಳ ಯಾವುದು ಗೊತ್ತೆ? ಅವನ ಬುದ್ಧಿಯಲ್ಲ, ಅವನ ಪರಿಚಯವೂ ಅಲ್ಲ. ಆ ಇಂಗ್ಲಿಷ್ ಪರದೆ. ಮೊದಲು ಅವನು ಕಚೇರಿಯ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕೂರುತ್ತಿದ್ದ. ಈಗ ಕಂಪ್ಯೂಟರ್ ಇಟ್ಟುಕೊಂಡು ಒಳಗೆ ಕೂತಿದ್ದಾನೆ, ಅಷ್ಟೇ ವ್ಯತ್ಯಾಸ. ಇನ್ನೊಂದು ಅಪಾಯವೂ ಇದೆ. ಎಷ್ಟೋ ಕಡೆ ಗಾಡಿಯ ದಾಖಲೆಗೆ ಮಾಲೀಕನ ಬದಲು ಏಜೆಂಟನ ಮೊಬೈಲ್ ನಂಬರನ್ನೇ ಕೂಡಿಸಿರುತ್ತಾರೆ. ಓಟಿಪಿ ಅವನಿಗೆ ಹೋಗುತ್ತದೆ, ತೆರಿಗೆಯ ಸುದ್ದಿ, ದಂಡದ ಸುದ್ದಿ ಎಲ್ಲ ಅವನಿಗೇ ಹೋಗುತ್ತದೆ. ಗಾಡಿ ನಿನ್ನದು, ಅದರ ಕೀಲಿಕೈ ಇನ್ನೊಬ್ಬನ ಕಿಸೆಯಲ್ಲಿ. ಇದಕ್ಕೆ ಡಿಜಿಟಲ್ ಕ್ರಾಂತಿ ಎಂದು ಹೆಸರು!

ನಿಮ್ಮ ಪರವಾಗಿರುವ ಕಾಯ್ದೆ ನಿಮಗೆ ಗೊತ್ತಿಲ್ಲ

ಇಂಗ್ಲಿಷಿನಲ್ಲಿ ಬಚ್ಚಿಟ್ಟಿರುವುದು ಬರೀ ಷರತ್ತುಗಳನ್ನಲ್ಲ, ಜನರ ಹಕ್ಕುಗಳನ್ನು. ಎರಡು ಉದಾಹರಣೆ ಕೊಡುತ್ತೇನೆ. ಊರಿನಲ್ಲಿ ಗಾಡಿ ಇಟ್ಟವರು ನಿಮಗೆ ಗೊತ್ತಿದ್ದರೆ ಇದನ್ನು ಓದಿ ಹೇಳಿ.

ಮೊದಲನೆಯದು 66ನೇ ಕಲಮು. ಸರಕು ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ಟೇ ಬೇಡ ಎಂದು ಅಲ್ಲಿ ಬರೆದಿದೆ. ಅಂದರೆ ಟಾಟಾ ಏಸ್‌ನಂಥ ಸಣ್ಣ ಗಾಡಿಯಲ್ಲಿ ಇಂಡಿಯ ಲಿಂಬೆಹಣ್ಣು ಹೇರಿಕೊಂಡು ಸೊಲ್ಲಾಪುರದ ಮಾರುಕಟ್ಟೆಗೆ ಹೋಗುವವನಿಗೆ ಪರ್ಮಿಟ್ ಎಲ್ಲಿ ಎಂದು ಕೇಳುವಂತಿಲ್ಲ. ತೆರಿಗೆ, ವಿಮೆ, ಫಿಟ್‌ನೆಸ್ ಬೇಕು, ಅದು ಬೇರೆ ಮಾತು. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತೆಂದು ಹಾರ ಹಾಕಿಸಿಕೊಂಡವರು ಬಹಳ. ಆ ಲಿಂಬೆ ಹೊತ್ತ ಗಾಡಿಯವನಿಗೆ ಈ ಒಂದು ಸಾಲನ್ನು ಕನ್ನಡದಲ್ಲಿ ಓದಿ ಹೇಳಿದವರು ಎಷ್ಟು ಮಂದಿ?

ಎರಡನೆಯದು 192-ಎ ಕಲಮು. ಪರ್ಮಿಟ್ ಇಲ್ಲದೆ ಗಾಡಿ ಓಡಿಸಿದರೆ ಶಿಕ್ಷೆ ಹೇಳುವ ಕಲಮು ಇದು. 2019ರ ಸೆಪ್ಟೆಂಬರ್ 1ರಿಂದ ಮೊದಲ ತಪ್ಪಿಗೇ 10,000 ರೂಪಾಯಿ ದಂಡ, ಆರು ತಿಂಗಳ ತನಕ ಸಜೆ ಎಂದು ಬಿಗಿ ಮಾಡಿದ್ದಾರೆ. ಅದಕ್ಕಿಂತ ಮುಂಚೆ ಇದ್ದದ್ದು ಎರಡರಿಂದ ಐದು ಸಾವಿರ. ಈ ದಂಡದ ಸುದ್ದಿ ಎಲ್ಲರಿಗೂ ಮುಟ್ಟಿದೆ. ಆದರೆ ಅದೇ ಕಲಮಿನ ಎರಡನೆಯ ಭಾಗ ಯಾರಿಗೂ ಮುಟ್ಟಿಲ್ಲ. ರೋಗಿಯನ್ನು, ಗಾಯಗೊಂಡವನನ್ನು ತುರ್ತಾಗಿ ಸಾಗಿಸುವಾಗ, ಕಷ್ಟದಲ್ಲಿರುವವರಿಗೆ ಅನ್ನ, ಔಷಧ ಒಯ್ಯುವಾಗ ಈ ಶಿಕ್ಷೆ ಅನ್ವಯಿಸುವುದಿಲ್ಲ. ಏಳು ದಿನದೊಳಗೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಿದರೆ ಸಾಕು. ಸೊಲ್ಲಾಪುರದ ದವಾಖಾನೆಗೆ ರಾತ್ರಿ ಎರಡಕ್ಕೆ ಬಸುರಿ ಹೆಣ್ಣುಮಗಳನ್ನು ಒಯ್ಯಲು ಪರ್ಮಿಟ್ಟಿಗೆ ಹೆದರಿ ಹಿಂದೆಮುಂದೆ ನೋಡುವ ಗಾಡಿಯವನಿಗೆ ಈ ಮಾತು ಗೊತ್ತಿದ್ದರೆ? ಅಲ್ಲಿ ಉಳಿಯುವುದು ರೊಕ್ಕವಲ್ಲ ಸ್ವಾಮಿ, ಎರಡು ಜೀವ.

ದಂಡ ಕನ್ನಡದಲ್ಲಿ ತಿಳಿಯುತ್ತದೆ, ಹಕ್ಕು ಇಂಗ್ಲಿಷಿನಲ್ಲೇ ಉಳಿಯುತ್ತದೆ. ಇದು ಯಾವ ನ್ಯಾಯ?

ಚೀಟಿ ಬಿಟ್ಟು ಹೋದರೆ?

ಇಷ್ಟು ರಗಳೆ ಯಾಕೆ, ಬಿಳಿ ಬೋರ್ಡಿನ ಗಾಡಿಯಲ್ಲಿ ಹೋದರಾಯಿತು ಎಂದು ಜನ ಹೊರಡುತ್ತಾರೆ. ಕೇಳಿದರೆ ನಾವೆಲ್ಲ ಬೀಗರು ಎಂದು ಹೇಳಿ ಎಂದು ಡ್ರೈವರನೇ ಪಾಠ ಮಾಡಿರುತ್ತಾನೆ. ಹೋಗಿ ಸುಖವಾಗಿ ಬಂದರೆ ಸರಿ. ದಾರಿಯಲ್ಲಿ ಗಾಡಿ ಮಗುಚಿದರೆ?

2018ರಲ್ಲಿ ಸುಪ್ರೀಂ ಕೋರ್ಟು ಒಂದು ಅಪಘಾತದ ಮೊಕದ್ದಮೆಯಲ್ಲಿ ಖಡಕ್ಕಾಗಿ ಹೇಳಿದೆ. ಪರ್ಮಿಟ್ ಇಲ್ಲದೆ ಗಾಡಿ ಓಡಿಸುವುದು ಮೂಲಭೂತ ಉಲ್ಲಂಘನೆ. ವಿಮೆ ಕಂಪನಿ ನೊಂದವರಿಗೆ ಪರಿಹಾರ ಕೊಟ್ಟು, ಆ ಮೇಲೆ ಅದನ್ನು ಗಾಡಿಯ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು. ಎರಡೆಕರೆ ಒಣಭೂಮಿ ಅಡವಿಟ್ಟು ಗಾಡಿ ತಂದವನ ಗತಿ ಏನು? ಭೂಮಿ ಹೋಯಿತು, ಗಾಡಿ ಹೋಯಿತು, ಮಗನ ಓದೂ ಹೋಯಿತು. ಹಾಗಾಗಿ ಪರ್ಮಿಟ್ ಬೇಡ ಎಂದು ನಾನು ಹೇಳುತ್ತಿಲ್ಲ. ಪರ್ಮಿಟ್ ಬೇಕು. ಅದು ಜನರಿಗೆ ರಕ್ಷೆ. ಹಾಗಿದ್ದ ಮೇಲೆ ಅದನ್ನು ತೆಗೆಯುವ ದಾರಿಗೆ ಮುಳ್ಳು ಹಚ್ಚಬೇಡಿ ಎನ್ನುತ್ತಿದ್ದೇನೆ. ದಾರಿ ಕಷ್ಟವಾದಷ್ಟೂ ಜನ ಕಳ್ಳದಾರಿ ಹಿಡಿಯುತ್ತಾರೆ, ಕಳ್ಳದಾರಿ ಹಿಡಿದವರಿಂದ ವಸೂಲಿ ಮಾಡುವವರಿಗೆ ಹಬ್ಬವಾಗುತ್ತದೆ.

ನೆಪಗಳಿಗೆ ಉತ್ತರ

ಸಾಹೇಬರು ಹೇಳುವ ನೆಪಗಳು ಮೂರು.

ಒಂದನೆಯ ನೆಪ: ಇದು ದಿಲ್ಲಿಯ ಸಾಫ್ಟ್‌ವೇರ್, ವಾಹನ್ ಎಂದು ಅದರ ಹೆಸರು, ನಮ್ಮ ಕೈಯಲ್ಲಿಲ್ಲ. ಸುಳ್ಳಿನ ಮೇಲೆ ಸುಳ್ಳು! ಅದೇ ಕಾಯ್ದೆಯ 96ನೇ ಕಲಮು ತೆಗೆದು ನೋಡಿ. ಪರ್ಮಿಟ್ಟಿನ ನಮೂನೆ ಹೇಗಿರಬೇಕು, ಅದರ ಫೀ ಎಷ್ಟಿರಬೇಕು ಎಂದು ನಿಯಮ ಮಾಡುವ ಅಧಿಕಾರ ರಾಜ್ಯ ಸರ್ಕಾರದ್ದು. ನಂಬರ್ ಪ್ಲೇಟಿನ ಅಕ್ಷರ ಇಂಗ್ಲಿಷಿನಲ್ಲಿರಬೇಕೆಂದು 1989ರ ಕೇಂದ್ರ ನಿಯಮ ಹೇಳುತ್ತದೆ. ಅದರ ಜಗಳ ಬೇರೆ ಇದೆ. ಪರ್ಮಿಟ್ಟಿನ ಕಾಗದ ಮಾತ್ರ ವಿಧಾನಸೌಧದ ಕೈಯಲ್ಲೇ ಇದೆ. ಅಷ್ಟೇ ಅಲ್ಲ, ಇದೇ ಇಲಾಖೆಯ ಲರ್ನಿಂಗ್ ಲೈಸೆನ್ಸಿನ ಪರೀಕ್ಷೆಯನ್ನು ಕಂಪ್ಯೂಟರಿನ ಮುಂದೆ ಕೂತು ಕನ್ನಡದಲ್ಲೇ ಬರೆಯಬಹುದು. ಲೈಸೆನ್ಸಿಗೆ ಬರುವ ಕನ್ನಡ ಪರ್ಮಿಟ್ಟಿಗೆ ಯಾಕೆ ಬಾರದು? ಒಂದೇ ಇಲಾಖೆಯ ಎರಡು ಕಂಪ್ಯೂಟರು, ಒಂದಕ್ಕೆ ನಾಲಿಗೆ ಇದೆ, ಒಂದಕ್ಕೆ ಇಲ್ಲವೆ?

ಎರಡನೆಯ ನೆಪ: ಮಹಾರಾಷ್ಟ್ರದ ಅಧಿಕಾರಿ ಕನ್ನಡ ಓದಲಾರ. ಓದಲಾರ, ನಿಜ. ಇಂಗ್ಲಿಷ್ ತೆಗೆಯಿರಿ ಎಂದು ಯಾರು ಹೇಳಿದರು? ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ಅಚ್ಚು ಹಾಕಿ. ಮೂವತ್ತು ಅಕ್ಷರದ ಜಾಗಕ್ಕೆ ಅರವತ್ತು ಅಕ್ಷರ ಕೂಡಿಸುವುದು ನಮ್ಮ ಕಸುಬಿನಲ್ಲಿ ಅರ್ಧ ಗಂಟೆಯ ಕೆಲಸ. 2018ರಿಂದ ಕರ್ನಾಟಕದ ಸ್ಟೇಷನ್ನುಗಳಲ್ಲಿ ಕೊಡುವ ಕಾಯ್ದಿರಿಸದ ರೈಲು ಟಿಕೆಟ್ಟಿನ ಮೇಲೆ ಕನ್ನಡ ಬಂತು. ರೈಲು ಕೇಂದ್ರ ಸರ್ಕಾರದ್ದು. ಅಂಗೈಯಗಲದ ಆ ಟಿಕೆಟ್ಟಿನಲ್ಲಿ ಜಾಗ ಸಿಕ್ಕಿತು, ನಮ್ಮದೇ ಸಾರಿಗೆ ಇಲಾಖೆಯ ಇಡೀ ಹಾಳೆಯಲ್ಲಿ ಸಿಗುವುದಿಲ್ಲವೆ?

ಮೂರನೆಯ ನೆಪ: ಜನ ಕೇಳುತ್ತಿಲ್ಲ. ಯಾರು ಕೇಳಬೇಕು? ಕೇಳಲು ಬಾರದವರಿಗೇ ಅಲ್ಲವೆ ಈ ತೊಂದರೆ? 1963ರಲ್ಲೇ ರಾಜಭಾಷಾ ಕಾಯ್ದೆ ಬಂತು. 2022ರ ಹೆಸರಿನಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವೂ ಬಂತು. ಅರವತ್ತು ವರ್ಷದ ಅಂತರದಲ್ಲಿ ಎರಡೆರಡು ಕಾಯ್ದೆ! ಅಂಗಡಿಯ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು ವ್ಯಾಪಾರಿಗೆ ಅಳತೆಪಟ್ಟಿ ಹಿಡಿಯುವ ಸರ್ಕಾರ, ತಾನು ಕೊಡುವ ಚೀಟಿಗೆ ಆ ಪಟ್ಟಿ ಹಿಡಿದು ನೋಡಲಿ.

ಗಡಿಯಾಚೆಯ ಕನ್ನಡಿಗ

ಇನ್ನೊಂದು ಮಾತು. ಈ ಹೋರಾಟ ನಮ್ಮ ಕೆಎ-28 ಗಾಡಿಗಳಿಗೆ ಮಾತ್ರ ಸೇರಿದ್ದಲ್ಲ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದಿಂದ ಎಂಎಚ್-10, ಎಂಎಚ್-13 ನಂಬರಿನ ಗಾಡಿಗಳು ಈ ಕಡೆಗೂ ಬರುತ್ತವೆ. ಅದರೊಳಗೆ ಕೂತವರಲ್ಲಿ ಎಷ್ಟೋ ಜನ ಮನೆಯಲ್ಲಿ ಕನ್ನಡ ಆಡುವವರು, ಮಕ್ಕಳನ್ನು ಅಲ್ಲಿಯ ಕನ್ನಡ ಶಾಲೆಗೆ ಕಳಿಸುವವರು. 1967ರ ಮಹಾಜನ್ ವರದಿ ಅಕ್ಕಲಕೋಟೆ, ಜತ್ತ ಮತ್ತು ದಕ್ಷಿಣ ಸೊಲ್ಲಾಪುರದ ಹಲವು ಹಳ್ಳಿಗಳು ನಮಗೆ ಸೇರಬೇಕೆಂದು ಹೇಳಿತು. ಅದು ಕಡತದಲ್ಲೇ ಉಳಿಯಿತು. ವೇದಿಕೆಯ ಮೇಲೆ ನಿಂತು ಜತ್ತ ನಮ್ಮದು ಎಂದು ಗಂಟಲು ಹರಿದುಕೊಳ್ಳುವವರೇ, ಜತ್ತದ ಕನ್ನಡಿಗ ಕರ್ನಾಟಕಕ್ಕೆ ಲಗ್ನಕ್ಕೆ ಬಂದಾಗ ಕರ್ನಾಟಕ ಸರ್ಕಾರ ಅವನ ಕೈಗೆ ಕೊಡುವ ತೆರಿಗೆಯ ಪಾವತಿ ಯಾವ ಭಾಷೆಯಲ್ಲಿದೆ, ನೋಡಿದ್ದೀರಾ? ತನ್ನ ತಾಯಿನಾಡಿನ ಗಡಿಯಲ್ಲಿ ಅವನಿಗೆ ಸಿಗುವ ಮೊದಲ ಕಾಗದವಾದರೂ ಕನ್ನಡದಲ್ಲಿರಲಿ. ನೂರು ಭಾಷಣಕ್ಕಿಂತ ಅದು ಮೇಲು.

ನಮ್ಮ ನೆಲದ ಕನ್ನಡಕ್ಕೇನೂ ಬಡತನವಿಲ್ಲ. ಹಲಸಂಗಿ ಗೆಳೆಯರು ಹುಟ್ಟಿದ್ದು ಅಂದಿನ ಇಂಡಿ ತಾಲೂಕಿನಲ್ಲಿ. ಹೆಂಗಸರು ಬೀಸುವಾಗ ಹಾಡಿದ್ದನ್ನು ಅಕ್ಷರಕ್ಕೆ ಇಳಿಸಿದವರು ಅವರು. ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ಇಟ್ಟು ವಚನಗಳನ್ನು ಅಚ್ಚು ಮಾಡಿ ನಾಡಿಗೆ ಹಂಚಿದವರು ಫ.ಗು. ಹಳಕಟ್ಟಿಯವರು. ತಾಳೆಗರಿಯಲ್ಲಿದ್ದದ್ದನ್ನು ಒಬ್ಬ ವಕೀಲ ಮೊಳೆ ಜೋಡಿಸಿ ಜನರಿಗೆ ಮುಟ್ಟಿಸಿದ. ಇಡೀ ಇಲಾಖೆಗೆ, ಅಷ್ಟು ಕಂಪ್ಯೂಟರುಗಳಿಗೆ ಒಂದು ಹಾಳೆಯ ಕನ್ನಡ ಭಾರವಾಯಿತೆ?

ನಮ್ಮ ಬೇಡಿಕೆ

ದೊಡ್ಡ ಬೇಡಿಕೆ ಯಾವುದೂ ಇಲ್ಲ. ಬಜೆಟ್ಟಿನಲ್ಲಿ ಕೋಟಿ ತೆಗೆದಿಡಬೇಕಿಲ್ಲ.

ಒಂದು: ತಾತ್ಕಾಲಿಕ ಮತ್ತು ಸ್ಪೆಷಲ್ ಪರ್ಮಿಟ್ಟಿನ ಅರ್ಜಿ, ಚೀಟಿ, ಪಾವತಿ ಕನ್ನಡದಲ್ಲಿರಲಿ, ಜೊತೆಗೆ ಇಂಗ್ಲಿಷ್ ಇರಲಿ. ಹಿಂಬದಿಯಲ್ಲಿ ಷರತ್ತು ಮತ್ತು ಹಕ್ಕು ಎರಡನ್ನೂ ಕನ್ನಡದಲ್ಲಿ ಅಚ್ಚು ಹಾಕಿ. 192-ಎ ಕಲಮಿನ ಎರಡನೆಯ ಭಾಗ ಅದರಲ್ಲಿ ಇರಲೇಬೇಕು.

ಎರಡು: ಫೀ ಎಷ್ಟು, ತೆರಿಗೆ ಎಷ್ಟು, ಅರ್ಜಿ ತುಂಬುವ ಕೂಲಿ ಎಷ್ಟು ಎಂದು ಬೇರೆ ಬೇರೆ ಬರೆದ ಕನ್ನಡ ಬೋರ್ಡು ಪ್ರತಿ ಸಾರಿಗೆ ಕಚೇರಿಯಲ್ಲಿ, ಪ್ರತಿ ಚೆಕ್‌ಪೋಸ್ಟಿನಲ್ಲಿ ತೂಗಲಿ.

ಮೂರು: 2022ರಿಂದ ಹಳ್ಳಿಗಳಿಗೆ ಬಂದ ಗ್ರಾಮ ಒನ್ ಕೇಂದ್ರಗಳಲ್ಲಿ ಗೊತ್ತಾದ ದರಕ್ಕೆ ಈ ಅರ್ಜಿ ತುಂಬಿಕೊಡಲಿ. ಆಷಾಢ, ಕಾರ್ತಿಕ, ಯುಗಾದಿಯ ಮುಂಚೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯಲ್ಲಿ ಎರಡು ದಿನ ಇಲಾಖೆಯವರೇ ಬಂದು ಕೂರಲಿ. ದೇವರೇ ಪಲ್ಲಕ್ಕಿಯಲ್ಲಿ ಊರೂರಿಗೆ ಬರುತ್ತಾನೆ, ಸಾಹೇಬರು ಬಂದರೆ ತಪ್ಪೇನು?

ನಾಲ್ಕು: ಮಾಲೀಕನ ಮೊಬೈಲಿಗೇ ಓಟಿಪಿ ಬರಲಿ, ಸುದ್ದಿ ಕನ್ನಡದಲ್ಲಿ ಬರಲಿ.

ಐದು: 88ನೇ ಕಲಮಿನ ಪ್ರಕಾರ ಎರಡು ರಾಜ್ಯಗಳು ಸಾರಿಗೆ ಒಪ್ಪಂದ ಮಾಡಿಕೊಳ್ಳಬಹುದು. ಗಡಿ ತಾಲೂಕುಗಳ ಯಾತ್ರೆಯ ಗಾಡಿಗಳಿಗೆ ಎರಡೂ ಕಡೆ ನಡೆಯುವ ಒಂದೇ ಅಗ್ಗದ ಚೀಟಿ ಕೊಡುವ ಮಾತುಕತೆ ಆಗಲಿ. ವಿಠ್ಠಲನಿಗೆ ಎರಡು ರಾಜ್ಯದ ಭಕ್ತರೂ ಒಂದೇ.

ನೀವು ಮಾಡಬೇಕಾದದ್ದು

ಇದೆಲ್ಲ ವಿಜಯಪುರ ಜಿಲ್ಲೆಯವರ ಗೋಳು, ನಮಗೇನು ಎಂದು ಬೆಂಗಳೂರಿನ ಗೆಳೆಯರು ಪುಟ ತಿರುವಬಾರದು. ನಿಯಮ ತಿದ್ದುವ ಜಾಗ ನಿಮ್ಮ ಹತ್ತಿರವೇ ಇದೆ. ಸಾರಿಗೆ ಆಯುಕ್ತರ ಕಚೇರಿ ಇರುವುದು ನಿಮ್ಮ ಶಾಂತಿನಗರದಲ್ಲಿ. ಇಂಡಿಯ ಗಾಡಿಯವನು ಅಲ್ಲಿಗೆ ಬರಬೇಕೆಂದರೆ ಒಂದು ರಾತ್ರಿಯ ಪ್ರಯಾಣ, ನಿಮಗೆ ಒಂದು ಸಿಟಿ ಬಸ್ಸು.

ಅಲ್ಲಿಗೆ ಮಸಿಯ ಡಬ್ಬಿ ಬೇಡ. ಮಾಹಿತಿ ಹಕ್ಕಿನ ಒಂದು ಅರ್ಜಿ ಸಾಕು. 2005ರ ಆ ಕಾಯ್ದೆಯ 6ನೇ ಕಲಮು ರಾಜ್ಯದ ಆಡಳಿತ ಭಾಷೆಯಲ್ಲಿ ಅರ್ಜಿ ಹಾಕುವ ಹಕ್ಕು ಕೊಟ್ಟಿದೆ. ಫೀ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಮೂರೇ ಪ್ರಶ್ನೆ ಕೇಳಿ. ತಾತ್ಕಾಲಿಕ ರಹದಾರಿಯನ್ನು ಕನ್ನಡದಲ್ಲಿ ಕೊಡದಿರಲು ಯಾವ ಆದೇಶವಿದೆ? 96ನೇ ಕಲಮಿನಡಿ ಕನ್ನಡದ ನಮೂನೆ ಹೊರಡಿಸಲು ಇಲಾಖೆ ಈ ತನಕ ಏನು ಮಾಡಿದೆ? ಈ ಸೇವೆಗೆ ಸಕಾಲ ಕಾಯ್ದೆಯ ಪ್ರಕಾರ ಎಷ್ಟು ದಿನ? ಒಬ್ಬರು ಹಾಕಿದರೆ ಕಡತಕ್ಕೆ ಸೇರುತ್ತದೆ. ನೂರು ಜನ ಹಾಕಿದರೆ ಟೇಬಲ್ಲಿಗೆ ಬರುತ್ತದೆ.

ನಿಮ್ಮಲ್ಲಿ ಎಷ್ಟೋ ಮಂದಿ ಕಂಪ್ಯೂಟರಿನ ಕಂಪನಿಗಳಲ್ಲಿ ದುಡಿಯುವವರು. ಅಮೆರಿಕದ ಬ್ಯಾಂಕಿಗೆ, ಜರ್ಮನಿಯ ಕಾರಿಗೆ ಸಾಫ್ಟ್‌ವೇರ್ ಬರೆಯುವವರು. ಈ ಒಂದು ಫಾರ್ಮಿನ ಕನ್ನಡ ನಮೂನೆ ನೀವೇ ತಯಾರಿಸಿ, ಆಯುಕ್ತರ ಟೇಬಲ್ಲಿನ ಮೇಲಿಟ್ಟು ಬನ್ನಿ. ಆಗುವುದಿಲ್ಲ ಎಂಬ ಮಾತಿಗೆ ಮಾಡಿ ತೋರಿಸುವುದಕ್ಕಿಂತ ದೊಡ್ಡ ಉತ್ತರವಿಲ್ಲ. ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ಅದರ ಒಂದು ಪ್ರತಿ ಕಳಿಸಿ.

1982ರಲ್ಲಿ ಗೋಕಾಕ್ ವರದಿಗಾಗಿ ಬೀದಿಗೆ ಇಳಿದವರು ಕೇಳಿದ್ದು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಜಾಗ. ಆ ಶಾಲೆಯಲ್ಲಿ ಕಲಿತ ಹುಡುಗರು ಇಂದು ಗಾಡಿ ಓಡಿಸುತ್ತಿದ್ದಾರೆ, ಅಂಗಡಿ ಇಟ್ಟಿದ್ದಾರೆ, ಹೊಲ ಮಾಡುತ್ತಿದ್ದಾರೆ. ಅವರು ಕಲಿತ ಕನ್ನಡ ಸರ್ಕಾರದ ಮುಂದೆ ಚಲಾವಣೆ ಆಗದಿದ್ದರೆ ಆ ಕಲಿಕೆಗೆ ಏನರ್ಥ? ನಾಳೆ ಅವರು ತಮ್ಮ ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸಿ ಇಂಗ್ಲಿಷ್ ಶಾಲೆಗೆ ಹಾಕಿದರೆ ಬೈಯುವ ಹಕ್ಕು ನಮಗಿರುವುದಿಲ್ಲ.

ಈ ವಾರವೇ ಅರ್ಜಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಬಂದ ಉತ್ತರವನ್ನು ಈ ಪತ್ರಿಕೆಗೆ ಕಳಿಸಿ, ಅಚ್ಚು ಹಾಕೋಣ.

ಜೈ ಕರ್ನಾಟಕ!